ರಣಹದ್ದುಗಳ ಬೇಸಿಗೆ

ಹೋದ ವಾರ ನಮ್ಮ ಓಣಿಯಲ್ಲಿ ಸೊಳ್ಳೆಯ ಕಾಟ ಹೆಚ್ಚಾಗಿ, ಎದುರು ಮನೆಯವರು ಸಂಜೆ ಒಂದು ಒಡಕು ಗಡಿಗೆಯಲ್ಲಿ ಕೆಂಡ ಹಾಕಿ ಮೇಲೆ ಹಸಿ ಬೇವಿನ ಸೊಪ್ಪು ಇಟ್ಟರು. ಹೊಗೆ ನಮ್ಮ ಕಟ್ಟೆಯತನಕ ಬಂತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಯಾಕೆ ಎದ್ದಿರಿ ಎಂದು ಸೊಸೆ ಕೇಳಿದಳು. ಕಾಲು ಜೋಮು ಹಿಡಿಯಿತು ಎಂದೆ. ನಿಜ ಹೇಳಬೇಕೆಂದರೆ, ಬೆಂಕಿ ಹತ್ತಿರ ತರಬ್ಯಾಡ್ರಿ ಎಂದು ಕೂಗಲು ನನ್ನ ಬಾಯಿ ತೆರೆದಿತ್ತು.

ಆ ಮಾತನ್ನು ನಾನು ಒಂದೇ ಒಂದು ಸಲ ಗಟ್ಟಿಯಾಗಿ ಕೂಗಿದ್ದೇನೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ, ಅಫಜಲಪುರ ತಾಲ್ಲೂಕಿನ ಗೊಬ್ಬೂರಿನ ಹೊಲದಲ್ಲಿ. ಆಗ ನನಗೆ ಇಪ್ಪತ್ತು ತುಂಬಿರಲಿಲ್ಲ. ಅದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಲು ಕುಳಿತಾಗೆಲ್ಲ ಕೇಳುವವರಿಗೆ ವಿಮಾನದ ಮೇಲೆಯೇ ಕುತೂಹಲ. ನನಗೆ ನೆನಪಿರುವುದು ಅದರ ಜೊತೆಗೆ ಎತ್ತುಗಳೂ ಹೌದು. ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತೇನೆ.

ಆ ವರ್ಷ ಹಿಂಗಾರಿ ಜೋಳ ಚೆನ್ನಾಗಿಯೇ ಬಂದಿತ್ತು. ಕೊಯ್ಲು ಮುಗಿದು ಕಣಿಕೆಯ ಬಣವೆಗಳು ಎದ್ದಿದ್ದವು. ಆದರೆ ಆ ಕಣಿಕೆ ತಿನ್ನುವ ಬಾಯಿಗಳೇ ಕಡಿಮೆಯಾಗುತ್ತಿದ್ದವು. ದನಗಳಿಗೆ ದೊಡ್ಡ ಬ್ಯಾನಿ ಬಂದಿತ್ತು. ಮೊದಲು ಜೇವರ್ಗಿ ಕಡೆ, ಯಡ್ರಾಮಿಯ ಸಂತೆಯಲ್ಲಿ ಕಾಣಿಸಿತೆಂದೂ ಅಲ್ಲಿಂದ ಭೀಮಾ ನದಿ ದಾಟಿ ಈಚೆ ಬಂತೆಂದೂ ಜನ ಹೇಳುತ್ತಿದ್ದರು. ದನದ ಬಾಯಲ್ಲಿ ಹುಣ್ಣಾಗಿ ಜೊಲ್ಲು ಸುರಿಯುತ್ತದೆ, ಮೇವು ಬಿಡುತ್ತದೆ, ಬೇಧಿ ಹತ್ತುತ್ತದೆ, ಒಂದು ವಾರದೊಳಗೆ ಮಲಗಿಬಿಡುತ್ತದೆ. ನಮ್ಮ ಆಳಂದದ ಮನೆಯಿಂದ ರೈಲು ಸ್ಟೇಶನ್ನಿಗೆ ಗಾಡಿಯಲ್ಲಿ ಹೋಗುವಾಗ ನಾನು ನೋಡಿದ ಪ್ರತಿ ಊರಿನ ಅಗಸಿ ಬಾಗಿಲಲ್ಲೂ ಬೇವಿನ ತೋರಣ ಕಟ್ಟಿತ್ತು. ತೋರಣದ ಕೆಳಗೆ ಕೆಂಡದ ಗಡಿಗೆ ಹೊಗೆಯಾಡುತ್ತಿತ್ತು. ಹೊರಗಿನಿಂದ ಬಂದವರು ಆ ಹೊಗೆಯನ್ನು ಕಾಲಿಗೆ, ಸೆರಗಿಗೆ ತಗುಲಿಸಿಕೊಂಡೇ ಒಳಗೆ ಹೋಗಬೇಕು. ಅದು ಬ್ಯಾನಿಯ ವರ್ಷದ ಕಟ್ಟಳೆ.

ಸತ್ತ ದನವನ್ನು ಯಾರೂ ಹೂಳುತ್ತಿರಲಿಲ್ಲ. ಬೇಸಿಗೆಯ ಎರೆಭೂಮಿ ಗುದ್ದಲಿಗೆ ಬಗ್ಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೂತರೆ ಬ್ಯಾನಿ ನಮ್ಮ ಮಣ್ಣಿನಲ್ಲೇ ಬೇರು ಬಿಡುತ್ತದೆ ಎಂಬ ಭಯ. ಹಾಗಾಗಿ ಸೀಮೆಯ ಕಲ್ಲಿನಾಚೆ ಎಳೆದು ಹಾಕುತ್ತಿದ್ದರು. ಆಚೆಯ ಊರಿನವರು ಅದನ್ನು ಮತ್ತೊಂದು ಸೀಮೆಗೆ ಎಳೆಯುತ್ತಿದ್ದರು. ಹೀಗೆ ಎಳೆದು ಎಳೆದು, ಗೊಬ್ಬೂರಿನ ಹತ್ತಿರ ಮೂರು ಊರುಗಳ ಸೀಮೆ ಕೂಡುವ ಒಂದು ಬರಡು ದಿನ್ನೆಯ ಮೇಲೆ ಸುತ್ತಲಿನ ಹೆಣಗಳೆಲ್ಲ ಬಂದು ಬಿದ್ದಿದ್ದವು. ಎಲ್ಲಿಂದಲೋ ರಣಹದ್ದುಗಳು ಬಂದವು. ಬೆಳಿಗ್ಗೆ ದಿನ್ನೆಯ ಮೇಲೆ ಕೂತಿರುತ್ತಿದ್ದವು, ಬಿಸಿಲು ಏರಿದ ಮೇಲೆ ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಕಣ್ಣಿಗೆ ಕಾಣದಷ್ಟು ಮೇಲೆ ಹೋಗುತ್ತಿದ್ದವು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹಾದಿಯಲ್ಲಿ ಮೇಲೆ ಹಾರುವವರಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ.

ನನ್ನ ಸೋದರಮಾವ ಶರಣಪ್ಪ ಆಳಂದದಲ್ಲಿ ಶೇಂಗಾ, ತೊಗರಿಯ ವ್ಯಾಪಾರಿ. ಅವನಿಗೆ ಮೊದಲು ಹೈದರಾಬಾದಿನಲ್ಲಿ, ಅಲ್ಲಿಂದ ಮುಂಬಯಿಯಲ್ಲಿ ತುರ್ತಿನ ಕೆಲಸವಿತ್ತು. ನನಗೆ ಮುಂಬಯಿಯಲ್ಲಿ ಮಾಸ್ತರಿಕೆಯ ತರಬೇತಿಗೆ ಸೇರಬೇಕಿತ್ತು. "ರೈಲಿನ್ಯಾಗ ಎರಡ ದಿನ ಕುಂತು ಮಸಿ ಬಳಕೋಳೂದು ಯಾಕ ಬೇ, ಗಾಳಿಮ್ಯಾಲೆ ಹೋಗಿಬಿಡೂನು" ಎಂದು ಅವನೇ ವಿಮಾನದ ಟಿಕೇಟು ತಂದ. ಅದೊಂದು ಡಕೋಟಾ. ಎರಡು ಎಂಜಿನ್ನು, ಎರಡು ಸಾಲು ಸೀಟು. ಹತ್ತುವ ಮೊದಲು ಬಹಳ ಮಾತಾಡಿದ ಮಾವ, ಚಕ್ರ ನೆಲ ಬಿಟ್ಟ ಮೇಲೆ ಎರಡೂ ಕೈಯಿಂದ ಸೀಟು ಹಿಡಿದು ಕಣ್ಣು ಮುಚ್ಚಿದ.

ನಮ್ಮನ್ನು ನೋಡಿಕೊಳ್ಳಲು ಒಬ್ಬ ಹುಡುಗಿ ಇದ್ದಳು. ಐರಿನ್ ಎಂದು ಹೆಸರು, ಸಿಕಂದರಾಬಾದಿನ ಆಂಗ್ಲೋ ಇಂಡಿಯನ್. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ನೀಲಿ ಕೋಟು, ಮೊಣಕಾಲು ಮುಟ್ಟುವ ಲಂಗ, ಎತ್ತರ ಹಿಮ್ಮಡಿಯ ಬೂಟು. ಕಿವಿಗೆ ಇಟ್ಟುಕೊಳ್ಳಲು ಅರಳೆ, ಬಾಯಿಗೆ ಪೆಪ್ಪರ್ಮಿಂಟು ಕೊಟ್ಟಳು. ನಾನು ಹೈದರಾಬಾದಿನಲ್ಲಿ ಓದಿದವಳಾದ್ದರಿಂದ ಅವಳ ಉರ್ದು ನನಗೆ ತಿಳಿಯುತ್ತಿತ್ತು. ಮಾವ ಒಂದು ಕಣ್ಣು ತೆರೆದು, "ಈ ಹುಡುಗಿ ನಿಂತಾಕಿ ನಿಂತ ಅದಾಳಲ್ಲ, ಬೀಳೂದಿಲ್ಲೇನು? ಕೂಡ್ರು ಅಂತ ಹೇಳ ಬೇ ಆಕಿಗೆ" ಎಂದ. ನಾನು ಹೇಳಿದೆ. ಅವಳು ನಕ್ಕು, ಕೂತರೆ ನನ್ನ ಕೆಲಸ ಹೋಗುತ್ತದೆ ಎಂದಳು.

ವಾಡಿ ದಾಟಿ, ಕಲಬುರಗಿ ದಾಟಿ ವಿಮಾನ ರೈಲುದಾರಿಯನ್ನೇ ಹಿಡಿದು ಹೊರಟಿತ್ತು. ಕೆಳಗೆ ಕೊಯ್ದ ಹೊಲಗಳು ಕಪ್ಪಗೆ, ಚೌಕ ಚೌಕವಾಗಿ ಕಾಣುತ್ತಿದ್ದವು. ಐರಿನ್ ಚಹಾದ ತಟ್ಟೆ ಹಿಡಿದು ನಮ್ಮ ಸಾಲಿಗೆ ಬಂದಿದ್ದಳು. ಆಗ ಮುಂದಿನಿಂದ ಒಂದು ಸದ್ದು ಬಂತು. ದಪ್ಪ ಕೊರಡೊಂದನ್ನು ಯಾರೋ ಬಾಗಿಲಿಗೆ ಎಸೆದ ಸದ್ದು. ಅದರ ಹಿಂದೆಯೇ ಎಡಗಡೆ ಇನ್ನೊಂದು. ವಿಮಾನ ಒಮ್ಮೆ ಕೆಳಗೆ ಜಾರಿ ಮತ್ತೆ ನಿಂತುಕೊಂಡಿತು. ಪೈಲಟರ ಕೋಣೆಯ ಬಾಗಿಲು ತಾನಾಗಿ ತೆರೆದು, ಹೊಡೆದುಕೊಳ್ಳತೊಡಗಿತು. ಅಲ್ಲಿಂದ ಗಾಳಿ ಭೋರೆಂದು ನುಗ್ಗಿತು. ಗಾಳಿಯ ಜೊತೆ ಗರಿಗಳು ಬಂದವು. ಬೂದು ಗರಿಗಳು, ನಡುದಾರಿಯಲ್ಲಿ, ನಮ್ಮ ತಲೆಗಳ ಮೇಲೆ. ಒಂದು ಮಾವನ ತೊಡೆಯ ಮೇಲೆ ಬಿತ್ತು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ.

ಐರಿನ್ ಕೂಗಲಿಲ್ಲ. ಬಗ್ಗಿ ತಟ್ಟೆಯನ್ನು ನೆಲಕ್ಕಿಟ್ಟಳು, ಕಾಲಿನಿಂದ ಸೀಟಿನ ಕೆಳಗೆ ತಳ್ಳಿದಳು, ಒಂದೊಂದೇ ಸೀಟಿನ ಬೆನ್ನು ಹಿಡಿಯುತ್ತ ಮುಂದೆ ಹೋದಳು. ಹಿಂದೆ ಬಂದಾಗ ಅವಳ ತೋಳು ಮೊಣಕೈತನಕ ಕೆಂಪಾಗಿತ್ತು. ಗೋಡೆಯಲ್ಲಿದ್ದ ಔಷಧಿಯ ಪೆಟ್ಟಿಗೆ ಬಿಚ್ಚುತ್ತ ನನ್ನನ್ನು ಕೇಳಿದಳು:

"ರಕ್ತ ನೋಡಿದರೆ ನಿಮಗೆ ತಲೆ ಸುತ್ತುತ್ತದೆಯೇ?"

"ಗೊತ್ತಿಲ್ಲ."

"ಹಾಗಾದರೆ ಬನ್ನಿ."

ಮಾವ ನನ್ನ ಸೆರಗು ಹಿಡಿದ. ಐರಿನ್ ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

ಮುಂದಿನ ಕೋಣೆಯಲ್ಲಿ ಎಡಗಡೆಯ ಗಾಜು ಇರಲಿಲ್ಲ. ಕ್ಯಾಪ್ಟನ್ನರ ಸೀಟಿಗೂ ಪಕ್ಕದ ಸೀಟಿಗೂ ನಡುವೆ ರಣಹದ್ದು ಸಿಕ್ಕಿಕೊಂಡಿತ್ತು. ಅದರ ಬೋಳು ಕುತ್ತಿಗೆ ಮುರಿದು ಜೋತಾಡುತ್ತಿತ್ತು. ಅದರ ಹೊಟ್ಟೆ ಒಡೆದಿತ್ತು. ಸತ್ತ ದನದ ವಾಸನೆ. ಆಳಂದದ ಹಾದಿಯಲ್ಲಿ ಮೂಗಿಗೆ ಬಡಿದಿದ್ದ ಅದೇ ವಾಸನೆ ಅಷ್ಟು ಎತ್ತರದಲ್ಲಿ ಬಂದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಕ್ಯಾಪ್ಟನ್ನರ ಮುಖ ಎಲ್ಲಿ ಮುಗಿದು ಹಕ್ಕಿಯ ರಕ್ತ ಎಲ್ಲಿ ಶುರುವಾಯಿತೋ ಹೇಳುವಂತಿರಲಿಲ್ಲ. ಎರಡನೆಯ ಪೈಲಟ್ ಕಣ್ಣು ಕಿರಿದು ಮಾಡಿ ಗಾಳಿಗೆ ಮುಖ ಕೊಟ್ಟು ಹಾರಿಸುತ್ತಿದ್ದ. ರೇಡಿಯೋ ನೋಡಿಕೊಳ್ಳುವವನೂ ಐರಿನ್ನೂ ಕ್ಯಾಪ್ಟನ್ನರನ್ನು ಸೀಟಿನಿಂದ ಎಳೆದು ಬಾಗಿಲ ಹಿಂದಿನ ಜಾಗದಲ್ಲಿ ಮಲಗಿಸಿದರು. ತಲೆ ಅಲುಗದಂತೆ ಹಿಡಿಯಲು ನನಗೆ ಹೇಳಿದರು. ಹಿಡಿದೆ.

ಎಡಗಣ್ಣಿನಲ್ಲಿ ಗಾಜಿನ ಚೂರು ನಿಂತಿತ್ತು. ಐರಿನ್ ಅದನ್ನು ಕೀಳಲಿಲ್ಲ. ಸುತ್ತಲೂ ಅರಳೆ ಇಟ್ಟು, ಎರಡೂ ಕಣ್ಣಿಗೆ ಸೇರಿಸಿ ಪಟ್ಟಿ ಕಟ್ಟಿದಳು. ಬಲಗಣ್ಣು ಚೆನ್ನಾಗಿದೆಯಲ್ಲ ಎಂದೆ. "ಆ ಕಣ್ಣು ತಿರುಗಿದರೆ ಈ ಕಣ್ಣೂ ತಿರುಗುತ್ತದೆ" ಎಂದಳು. ಕುತ್ತಿಗೆಯ ಪಕ್ಕದ ಗಾಯ ಇನ್ನೂ ದೊಡ್ಡದು. ಅಲ್ಲಿ ಟವೆಲು ಮಡಿಸಿ ಒತ್ತಿ, ನನ್ನ ಕೈಯನ್ನು ಅದರ ಮೇಲಿಟ್ಟು, "ಸಡಿಲ ಬಿಡಬೇಡಿ, ಏನಾದರೂ ಆಗಲಿ" ಎಂದಳು.

ಎಡ ಎಂಜಿನ್ನಿನಿಂದ ಕಪ್ಪು ಹೊಗೆ ಬರುತ್ತಿತ್ತು. ಅದನ್ನು ನಿಲ್ಲಿಸಿದರು. ಹತ್ತಿರದ ಬಯಲಿನಲ್ಲಿ ಇಳಿಸುತ್ತಾರೆಂದು ಐರಿನ್ ಎಲ್ಲರ ಹತ್ತಿರ ಹೋಗಿ ಹೇಳಿದಳು. ಅಂಗಡಿಗೆ ಹೋಗಿಬರುತ್ತೇನೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಕನ್ನಡಕ ತೆಗೆಯಿರಿ, ಜೇಬಿನ ಪೆನ್ನು ತೆಗೆಯಿರಿ, ಪಟ್ಟಿ ಬಿಗಿಮಾಡಿ, ತಲೆದಿಂಬನ್ನು ಹೊಟ್ಟೆಗೆ ಒತ್ತಿ ಬಗ್ಗಿ. ಮಾವನ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಬಗ್ಗಿದರೆ ಅದು ಎದೆಗೆ ನಾಟುತ್ತದೆ, ತೆಗೆದು ಕೊಡಿ ಎಂದಳು. ನಾನು ಕೂತಲ್ಲಿಂದಲೇ ಕೂಗಿ ಹೇಳಬೇಕಾಯಿತು.

"ತಗಿಯೂದಿಲ್ಲ. ಇದು ಮೈಮ್ಯಾಗಿಂದ ಇಳಿಯೂದಿಲ್ಲ, ನನ್ನ ಕೂಡ ಮಣ್ಣಿಗೆ ಹೋಗೂದು."

"ಮಾವಾ, ಎದಿ ಒಡೀತದ ಅನ್ನಾಕತ್ಯಾಳ."

"ಒಡದ್ರ ಒಡೀಲಿ ಬೇ. ಲಿಂಗ ಬಿಟ್ಟು ಸತ್ರ ನಮ್ಮವರು ಯಾರು ಒಪ್ತಾರ ನನ್ನ?"

ಐರಿನ್‌ಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ವಾದ ಮಾಡಲಿಲ್ಲ. ಕರಡಿಗೆಯ ದಾರವನ್ನು ಬಿಚ್ಚದೆಯೇ ಅವನ ಬಗಲಿನ ಕೆಳಗಿನಿಂದ ಬೆನ್ನಿಗೆ ಸರಿಸಿ, ಹಿಂದೆ ಒಂದು ಕಂಬಳಿ ತುರುಕಿ, ಅವನ ತಲೆಯನ್ನು ತಾನೇ ಬಗ್ಗಿಸಿದಳು. ಆಮೇಲೆ ನಮ್ಮ ಹತ್ತಿರ ಬಂದು ನೆಲಕ್ಕೆ ಕುಳಿತು, ಕ್ಯಾಪ್ಟನ್ನರ ಮೈಮೇಲೆ ಅಡ್ಡ ಬಾಗಿ, ಸೀಟಿನ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅವಳ ಕೆನ್ನೆ ನನ್ನ ಭುಜಕ್ಕೆ ತಾಗಿತ್ತು. ಅವಳು ಏನೋ ಪಿಸುಗುಟ್ಟುತ್ತಿದ್ದಳು. ಪ್ರಾರ್ಥನೆಯೆಂದುಕೊಂಡೆ. ಕಿವಿಗೊಟ್ಟರೆ, ಬಾಗಿಲು ತೆರೆಯುವ ಕ್ರಮವನ್ನು ಒಂದರ ಹಿಂದೊಂದು ಹೇಳಿಕೊಳ್ಳುತ್ತಿದ್ದಳು.

ನೆಲ ಮುಟ್ಟಿದ್ದನ್ನು ನಾನು ವಿವರಿಸಲಾರೆ. ಸದ್ದು ಬಹಳ ಹೊತ್ತು ಇತ್ತು. ಆಮೇಲೆ ಇರಲಿಲ್ಲ. ನನ್ನ ಕೈ ಟವೆಲಿನ ಮೇಲೆಯೇ ಇತ್ತು.

ಐರಿನ್ ಎದ್ದವಳೇ ಹಿಂದಿನ ಬಾಗಿಲು ತೆರೆದಳು. ವಿಮಾನ ಹೊಟ್ಟೆಯ ಮೇಲೆ ಕುಳಿತಿದ್ದರಿಂದ ನೆಲ ಹತ್ತಿರವಿತ್ತು. ಒಬ್ಬೊಬ್ಬರನ್ನೇ ತೋಳು ಹಿಡಿದು ಇಳಿಸಿದಳು. ಚೀಲ ತೆಗೆದುಕೊಳ್ಳಲು ಬಗ್ಗಿದವರ ಬೆನ್ನಿಗೆ ಗುದ್ದಿದಳು. "ಗಾಳಿ ಬರುವ ಕಡೆಗೆ ಓಡಿ, ಹಿಂದೆ ನೋಡಬೇಡಿ." ಎಡ ರೆಕ್ಕೆ ಬಿರಿದು ಅಲ್ಲಿಂದ ಪೆಟ್ರೋಲು ಎರೆಮಣ್ಣಿನ ಬಿರುಕುಗಳೊಳಗೆ ಇಳಿಯುತ್ತಿತ್ತು. ಒಳಗೆ ಉಳಿದವರು ಕ್ಯಾಪ್ಟನ್ನರು, ಅವರನ್ನು ಎತ್ತಲು ನಿಂತ ಎರಡನೆಯ ಪೈಲಟ್, ರೇಡಿಯೋದವನು. ಬಾಗಿದ ನೆಲದ ಮೇಲೆ, ಕುತ್ತಿಗೆ ಅಲುಗದಂತೆ, ಅವರನ್ನು ಕಂಬಳಿಯಲ್ಲಿ ಹೊರತರಲು ಹೊತ್ತು ಹಿಡಿಯುತ್ತಿತ್ತು. ಒತ್ತಿ ಹಿಡಿಯುವ ಕೆಲಸ ರೇಡಿಯೋದವನು ತೆಗೆದುಕೊಂಡ. ನಾನು ಇಳಿದೆ.

ಆಗ ಊರಿನ ಕಡೆಯಿಂದ ಜನ ಬರುವುದು ಕಾಣಿಸಿತು. ಗಂಡಸರು, ಹೆಂಗಸರು, ದೊಡ್ಡ ಗುಂಪು. ಮುಂದೆ ನಡೆಯುತ್ತಿದ್ದ ಹೆಂಗಸರ ಕೈಯಲ್ಲಿ ಗಡಿಗೆಗಳು. ಗಡಿಗೆಗಳಿಂದ ಹೊಗೆ ಬರುತ್ತಿತ್ತು. ಮೇಲಿನಿಂದ ಏನೋ ಸೀಮೆಯೊಳಗೆ ಬಿದ್ದಿದೆ, ಬ್ಯಾನಿಯ ವರ್ಷ, ಅದಕ್ಕೆ ಹೊಗೆ ಕೊಡದೆ ಇರಲು ಬಿಡಬಾರದು. ಕೆಂಡದ ಗಡಿಗೆ ಹೊತ್ತು ಅವರು ನೆಟ್ಟಗೆ ಪೆಟ್ರೋಲಿನ ಕಡೆಗೆ ಬರುತ್ತಿದ್ದರು.

ಐರಿನ್ ಬೂಟು ಕಿತ್ತೆಸೆದು ಓಡಿದಳು. ಕೊಯ್ದ ಜೋಳದ ಕೂಳೆ ಚೂಪಾಗಿರುತ್ತದೆ. ಅವಳ ಅಂಗಾಲು ಹರಿಯುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಎರಡೂ ಕೈ ಬೀಸುತ್ತ, "ಆಗ್ ಮತ್ ಲಾವ್" ಎಂದು ಕೂಗುತ್ತಿದ್ದಳು. ರಕ್ತ ಮೆತ್ತಿದ, ತಲೆ ಕೆದರಿದ ಬಿಳಿ ಹೆಣ್ಣೊಂದು ಕೂಗುತ್ತ ಬರುವುದನ್ನು ಕಂಡು ಅವರು ಗಡಿಗೆಗಳನ್ನು ಇನ್ನೂ ಎತ್ತರಕ್ಕೆ ಹಿಡಿದರು. ಅವರಿಗೆ ಅವಳೇ ಬ್ಯಾನಿಯ ಹಾಗೆ ಕಂಡಿರಬೇಕು. ನಾನು ಅವಳ ಹಿಂದೆ ಓಡಿ ಎದೆ ಒಡೆಯುವಂತೆ ಕೂಗಿದೆ:

"ಬೆಂಕಿ ತರಬ್ಯಾಡ್ರೀ! ಎಣ್ಣಿ ಸೋರಾಕತ್ತದ! ಒಳಗ ಮಂದಿ ಅದಾರ, ಸುಟ್ಟು ಹೋಗ್ತಾರ್ರೀ!"

ಮುಂದಿದ್ದ ಮುದುಕಿ ನಿಂತಳು. ಅವಳು ಊರಗೌಡರ ತಾಯಿ, ನೀಲವ್ವ ಗೌಡಶಾನಿ. ಕನ್ನಡ ಕೇಳಿ ಅವಳ ಹುಬ್ಬು ಮೇಲೆ ಹೋಯಿತು.

"ಯಾರ ಬೇ ನೀ? ಯಾವೂರಾಕಿ?"

"ಆಳಂದದಾಕಿರಿ. ಕೈ ಮುಗೀತೇನಿ, ಗಡಿಗಿ ಕೆಳಗಿಡ್ರಿ, ಮಣ್ಣ ಮುಚ್ಚರಿ."

ಗೌಡಶಾನಿ ಮೂಗಿನಿಂದ ಗಾಳಿ ಎಳೆದಳು. ಪೆಟ್ರೋಲಿನ ವಾಸನೆ ಅವಳಿಗೂ ತಟ್ಟಿತು. "ಮುಚ್ಚರೇ" ಎಂದಳು. ಹೆಂಗಸರು ಗಡಿಗೆಗಳನ್ನು ಅಲ್ಲೇ ಇಳಿಸಿದರು, ಗಂಡಸರು ಕಾಲಿನಿಂದ ಮಣ್ಣು ನೂಕಿ ಮುಚ್ಚಿದರು. ಒಂದು ಗಡಿಗೆ ಮಣ್ಣಿನೊಳಗಿಂದಲೂ ಸ್ವಲ್ಪ ಹೊತ್ತು ಹೊಗೆ ಬಿಡುತ್ತಿತ್ತು. ಐರಿನ್ ಅದು ಪೂರ್ತಿ ನಿಲ್ಲುವತನಕ ಅದರ ಮುಂದಿನಿಂದ ಕದಲಲಿಲ್ಲ.

ಕ್ಯಾಪ್ಟನ್ನರನ್ನು ಹೊರತಂದು ದೂರದಲ್ಲಿ ಮಲಗಿಸಿದರು. ಟವೆಲು ನೆನೆದಿತ್ತು, ಅಂಗಿಗೆ ಹದ್ದಿನ ಗರಿಗಳು ಅಂಟಿದ್ದವು. ಅಫಜಲಪುರದಿಂದ ಕಲಬುರಗಿಗೆ ಹೋಗುವ ಮೋಟಾರು ಹೊತ್ತು ಮುಳುಗುವ ಮೊದಲು ಸಡಕಿನ ಮೇಲೆ ಬರುತ್ತದೆ, ಅದು ತಪ್ಪಿದರೆ ನಾಳೆಯೇ ಎಂದು ಊರವರು ಹೇಳಿದರು. ನಾಳೆಯತನಕ ಇವರು ಇರುವುದಿಲ್ಲ ಎಂದು ಐರಿನ್ ನನಗೆ ಮೆಲ್ಲಗೆ ಹೇಳಿದಳು. ಹೊಲಕ್ಕೂ ಸಡಕಿಗೂ ನಡುವೆ ಒಂದು ಹಳ್ಳ. ಗಾಡಿ ಬೇಕು.

"ಗಾಡಿ ಅದ. ಎತ್ತು ಕೊಡೂದಿಲ್ಲ" ಎಂದಳು ಗೌಡಶಾನಿ.

ಮಾವನಿಗೆ ಆಗ ಜೀವ ಬಂದಿತ್ತು. "ಏನ್ ಮಾತಾಡ್ತೀರಿ ಅವ್ವಾರ? ಮನಷ್ಯಾ ಸಾಯಾಕತ್ತಾನ!"

"ಕಾಣ್ತದ ಸಾವಕಾರ್ರ, ನಮಗೂ ಕಣ್ಣ ಅದಾವ. ಅವನ ಮೈಮ್ಯಾಲಿಂದು ಯಾತರ ರಕ್ತ? ಹದ್ದಿಂದು. ಹದ್ದು ಏನು ತಿಂದದ? ನಮ್ಮ ದನದ ಹೆಣ. ನೂರು ಜೋಡಿ ಎತ್ತಿನ ಊರಿದು. ಈಗ ಬೆರಳು ಮಡಚಿ ಎಣಿಸಿದ್ರ ಮುಗೀತಾವ. ಅದ ರಕ್ತ ತಂದು ಉಳದ ಎತ್ತಿನ ಮುಂದ ಕುಂಡ್ರಸ್ಲಾ? ಮಿರಗದ ಮಳಿಗೆ ಯಾವುದು ಹೂಡೂದು, ನಿಮ್ಮ ಇಮಾನಾ?"

ಯಾರೋ ನಕ್ಕರು, ಆ ನಗು ತಕ್ಷಣ ನಿಂತಿತು. ಐರಿನ್ ನನ್ನ ಕಡೆ ನೋಡುತ್ತಿದ್ದಳು. ನಾನು ಆ ಮಾತನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. ಅವಳು ತನ್ನ ತೋಳು ನೋಡಿಕೊಂಡಳು. ಕೋಟು ಬಿಚ್ಚಿ ದೂರ ಎಸೆದಳು. "ಅವರು ಹೇಳುವುದು ಸರಿ ಇರಬಹುದು. ನಮ್ಮನ್ನು ಹೇಗೆ ತೊಳೆಯಬೇಕೋ ತೊಳೆಯಲಿ ಅನ್ನಿ. ಮೊದಲು ನನ್ನನ್ನು. ಬೇಗ" ಎಂದಳು.

ಹಳ್ಳದ ಮಡುವಿನ ಹತ್ತಿರ, ವಿಮಾನದಿಂದ ಬಹಳ ದೂರ, ಹೆಂಗಸರು ಬೇವಿನ ನೀರು ಕೊಡಗಟ್ಟಲೆ ಸುರಿದರು. ಮೊದಲು ಐರಿನ್ ಮೇಲೆ, ಆಮೇಲೆ ನನ್ನ ಮೇಲೆ. ಆಮೇಲೆ ಹೊಗೆ. ಒದ್ದೆಯಾಗಿ ನಿಂತ ಅವಳಿಗೆ ಗೌಡಶಾನಿ ತನ್ನ ಮನೆಯ ಒಂದು ಸೀರೆ ತರಿಸಿ ತಾನೇ ಸುತ್ತಿದಳು. "ಕಾಲು ನೋಡವ್ವ ಇದರದು, ಬೆಣ್ಣಿ ಕಾಲು" ಎಂದು ಕೂಳೆಗೆ ಹರಿದ ಅಂಗಾಲಿಗೆ ಅರಿಸಿನ ಮೆತ್ತಿದಳು. ಕ್ಯಾಪ್ಟನ್ನರ ಬಟ್ಟೆ ಕತ್ತರಿಸಿ ತೆಗೆದು ಮೈ ಒರೆಸಿದರು. ಆದರೆ ಪಟ್ಟಿಯನ್ನೂ ಕುತ್ತಿಗೆಯ ಟವೆಲನ್ನೂ ಬಿಚ್ಚುವ ಹಾಗಿರಲಿಲ್ಲ. ಅಲ್ಲಿ ಯಾರ ರಕ್ತ ಎಷ್ಟು ಎಂದು ಯಾರು ಹೇಳಬೇಕು?

ಗೌಡಶಾನಿ ಅದನ್ನೇ ನೋಡುತ್ತ ನಿಂತಿದ್ದಳು. ಕಡೆಗೆ, "ಎತ್ತು ಕೊಡೂದಿಲ್ಲ. ಹೆಗಲು ಕೊಡ್ತೇವಿ" ಎಂದಳು.

ಬ್ಯಾನಿಯ ವರ್ಷ ಊರಮ್ಮನ ಗಾಡಿಯನ್ನು ಸೀಮೆಯತನಕ ಗಂಡಸರೇ ನೊಗಕ್ಕೆ ಹೆಗಲು ಕೊಟ್ಟು ಎಳೆಯುವ ವಾಡಿಕೆ ಅಲ್ಲಿತ್ತು. ಹಾಗೆಯೇ ಎಳೆದರು. ಕಣಿಕೆ ಹಾಸಿ ಕ್ಯಾಪ್ಟನ್ನರನ್ನು ಮಲಗಿಸಿದರು. ಐರಿನ್ ಪಕ್ಕ ಕುಳಿತು ಗಾಯ ಒತ್ತಿ ಹಿಡಿದಳು. ಬಯಲಿನಲ್ಲಿ ಗಾಡಿ ಚೆನ್ನಾಗಿಯೇ ಹೋಯಿತು. ಹಳ್ಳಕ್ಕೆ ಇಳಿಯಿತು. ಮರಳಿನಲ್ಲಿ ಚಕ್ರ ಹೂತಿತು. ಹೇಗೋ ಅದನ್ನೂ ದಾಟಿಸಿದರು. ಆಚೆಯ ದಂಡೆಯ ಏರು ಮಾತ್ರ ಆಗಲಿಲ್ಲ. ಅರ್ಧ ಹತ್ತುವುದು, ಹಿಂದೆ ಜಾರುವುದು. ಒಂದೊಂದು ಸಲ ಜಾರಿದಾಗಲೂ ಕ್ಯಾಪ್ಟನ್ನರ ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು. ಮೂರನೆಯ ಸಲ ಆ ಸದ್ದು ಬರಲಿಲ್ಲ. ಐರಿನ್ ಅವರ ಮೂಗಿನ ಹತ್ತಿರ ಕೆನ್ನೆ ತಂದು, ಉಸಿರಿದೆ ಎಂದು ತಲೆಯಾಡಿಸಿದಳು. ಪಶ್ಚಿಮದಲ್ಲಿ, ಸಡಕಿನ ಮೇಲೆ ದೂರದಲ್ಲಿ ಮೋಟಾರಿನ ಧೂಳು ಏಳುವುದು ಕಾಣಿಸಿತು. ಮಾವ ದಂಡೆ ಹತ್ತಿ ಸಡಕಿನ ಕಡೆ ಧೋತರ ಎತ್ತಿಕೊಂಡು ಓಡಿದ. ಅವನು ಓಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ನೊಗ ಎಳೆಯುತ್ತಿದ್ದವರಲ್ಲಿ ಭೀಮಶಾ ಎಂಬುವನಿದ್ದ. ಮೂವತ್ತರ ವಯಸ್ಸು, ಗಿಡ್ಡ ಆಳು. ಅವನು ನೊಗ ಬಿಟ್ಟು ಈಚೆ ಬಂದ. ಗಾಡಿಯೊಳಗೆ ಒಮ್ಮೆ ನೋಡಿದ. ಯಾರಿಗೂ ಏನೂ ಹೇಳದೆ ದಂಡೆಯ ಗುಂಟ ಹೊರಟುಹೋದ. ಅವನ ಹೊಲ ಹಳ್ಳದ ಬದಿಗೇ ಇತ್ತು. ತಿರುಗಿ ಬರುವಾಗ ಅವನ ಜೊತೆ ಎರಡು ಬಿಳಿ ಎತ್ತು ಇದ್ದವು, ಅಂದೋಲಾದಿಂದ ತಂದ ಜೋಡಿ ಎಂದು ಆಮೇಲೆ ಕೇಳಿದೆ. ಅವುಗಳ ಮೂಗಿಗೆ ಒದ್ದೆ ಅರಿವೆ ಕಟ್ಟಿದ್ದ.

"ಲೇ ಭೀಮಶಾ, ಹುಚ್ಚ ಹಿಡದದೇನ್ಲೇ ನಿನಗ!" ಗೌಡಶಾನಿ ಹೊಲದ ಕಡೆಯ ದಂಡೆಯಿಂದ ಕೂಗಿದಳು.

"ಏರು ಹತ್ತಿಸಿ ಬಿಟ್ಟುಬಿಡ್ತೇನ್ರಿ ಅವ್ವ. ಅಷ್ಟ."

"ಬ್ಯಾನಿ ಬಂದ್ರ ಯಾರ ಮುಂದ ಅಳ್ತಿ?"

ಅವನು ಎತ್ತು ಹೂಡಿದ. ಅವು ತಲೆ ತಗ್ಗಿಸಿ, ಬೆನ್ನು ಬಿಲ್ಲಾಗಿಸಿ ಒಂದೇ ಎಳೆತಕ್ಕೆ ಗಾಡಿಯನ್ನು ಮೇಲೆ ತಂದವು. ಮೇಲೆ ಬಂದು ಗಾಡಿ ಮುಂದಕ್ಕೆ ವಾಲಿದಾಗ ಟವೆಲಿನಿಂದ ಒಸರಿದ್ದು ಮೂಕಿಯ ಮರದ ಗುಂಟ ಇಳಿದು ಎಡಗಡೆಯ ಎತ್ತಿನ ಪಕ್ಕೆಗೆ ತಾಗಿತೋ ಇಲ್ಲವೋ, ನಾನು ನೋಡಿದೆ ಎಂದು ಹೇಳಲಾರೆ. ಮೂಕಿಯ ಮೇಲೆ ಕಲೆ ಇತ್ತು. ಭೀಮಶಾ ತಕ್ಷಣ ಎತ್ತು ಬಿಚ್ಚಿ ಮಡುವಿಗೆ ಹೊಡೆದುಕೊಂಡು ಹೋದ. ಅಲ್ಲಿಂದ ಅವನು ಮೈ ತಿಕ್ಕುವ ಸಪ್ಪಳ ಬಹಳ ಹೊತ್ತು ಕೇಳಿತು.

ಮಾವ ಸಡಕಿನ ನಡುವೆ ಕೈ ಅಗಲಿಸಿ ನಿಂತಿದ್ದ. ಮೋಟಾರು ಅವನ ಹೊಟ್ಟೆಯ ಹತ್ತಿರ ಬಂದು ನಿಂತಿತಂತೆ. ಡ್ರೈವರ್ ಬಯ್ದನಂತೆ, ಮಾವ ಇನ್ನೂ ಹೆಚ್ಚು ಬಯ್ದನಂತೆ. ನಾವು ತಲುಪುವಾಗ ಹಿಂದಿನ ಸೀಟುಗಳು ಖಾಲಿಯಾಗಿದ್ದವು. ಉಳಿದವರೆಲ್ಲ ಮರುದಿನದ ಮೋಟಾರಿಗೆ ಕಾಯಬೇಕಾಗಿತ್ತು; ಕ್ಯಾಪ್ಟನ್ನರ ಜೊತೆ ಐರಿನ್ ಹೋದಳು. ಗೌಡಶಾನಿಯ ಸೀರೆ ಉಟ್ಟು, ಬರಿಗಾಲಿನಲ್ಲಿ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು. ಹೊರಡುವ ಮುಂಚೆ ಕಿಟಕಿಯಿಂದ ಕೇಳಿದಳು: "ಆ ಎತ್ತುಗಳಿಗೆ ಏನೂ ಆಗುವುದಿಲ್ಲ ಅಲ್ಲವೇ?" ನನಗೆ ಗೊತ್ತಿಲ್ಲ ಎಂದೆ. ಅವಳು ಮುಖ ಆಚೆ ತಿರುಗಿಸಿಕೊಂಡಳು. ಅಷ್ಟು ಹೊತ್ತು ತಡೆದಿದ್ದ ಅಳು ಅವಳಿಗೆ ಅಲ್ಲಿ ಬಂತು.

ನಾನು ಆ ವರ್ಷ ಮುಂಬಯಿಗೆ ಹೋಗಲಿಲ್ಲ. ಆಳಂದದ ಮನೆಯಲ್ಲಿ ಉಳಿದೆ. ಬಾಗಿಲು ಜೋರಾಗಿ ಬಡಿದರೆ ಎದ್ದು ನಿಲ್ಲುತ್ತಿದ್ದೆ. ಅನ್ನ ಕಲಸುವಾಗ ಕೈಯನ್ನು ಮೂಸಿ ನೋಡಿಕೊಳ್ಳುತ್ತಿದ್ದೆ. ಅವ್ವ ತಾಯಿತ ಕಟ್ಟಿಸಿದಳು. ಆದರೆ ಹಗಲೂ ಇರುಳೂ ನನ್ನ ತಲೆಯಲ್ಲಿದ್ದದ್ದು ಎರಡು ಬಿಳಿ ಎತ್ತು. ಬ್ಯಾನಿ ತಾಗಿದ ಮೇಲೆ ಅದು ಕಾಣಿಸಿಕೊಳ್ಳಲು ಎಷ್ಟು ದಿನ ಬೇಕು ಎಂದು ಕಂಡಕಂಡವರನ್ನೆಲ್ಲ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲರ ಲೆಕ್ಕ ಮುಗಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ವಿಮಾನದ ವಿಚಾರಣೆಗೆಂದು ಕಲಬುರಗಿಗೆ ಹೋಗಿಬಂದ ಮಾವ ಕ್ಯಾಪ್ಟನ್ನರ ಸುದ್ದಿ ತಂದ. ಬದುಕಿದ್ದರು. ಎಡಗಣ್ಣು ತೆಗೆಯಬೇಕಾಯಿತಂತೆ. ಐರಿನ್ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳಂತೆ. ಗೊಬ್ಬೂರಿನ ಸುದ್ದಿ ಅವನೂ ಕೇಳಿಕೊಂಡು ಬಂದಿರಲಿಲ್ಲ. ಕೇಳಲು ಹೆದರಿದನೆಂದು ನನಗನಿಸಿತು.

ಮುಂಗಾರಿನ ಮಿರಗದ ಮಳೆ ಹನಿಯುವ ಮುಂಚೆ ಮಾವನನ್ನು ಕಾಡಿ ಬೇಡಿ ಗೊಬ್ಬೂರಿಗೆ ಹೊರಡಿಸಿದೆ. ಅಗಸಿಯಲ್ಲಿ ಹೊಗೆ ಇರಲಿಲ್ಲ. ಬ್ಯಾನಿ ಹಿಂದೆ ಸರಿದಿತ್ತು. ಆಕಾಶದಲ್ಲಿ ಒಂದೂ ಹದ್ದು ಇರಲಿಲ್ಲ. ವಿಮಾನವನ್ನು ಬಿಚ್ಚಿ ಸಾಗಿಸಿದ್ದರು. ಹಳ್ಳದ ಬದಿಯ ಹೊಲದಲ್ಲಿ ಭೀಮಶಾ ಕೊಡಲಿಯಿಂದ ಜಾಲಿ ಕಡಿಯುತ್ತಿದ್ದ. ಬೇಲಿಯ ನೆರಳಿನಲ್ಲಿ ಒಂದು ಬಿಳಿ ಎತ್ತು ಕಟ್ಟಿತ್ತು.

ನಾನು ಇನ್ನೊಂದನ್ನು ಹುಡುಕಿದೆ. ಬೇಲಿಯಾಚೆ ನೋಡಿದೆ, ಹಳ್ಳದೊಳಗೆ ನೋಡಿದೆ. ಭೀಮಶಾ ಕೊಡಲಿ ಇಳಿಸಿ ಹತ್ತಿರ ಬಂದ. ಬಂದವನೇ ಅವನೇ ಮೊದಲು ಕೇಳಿದ.

"ಆ ಮನಷ್ಯಾ ಹ್ಯಾಂಗ ಅದಾನ್ರಿ ತಂಗಿ?"

"ಜೀವಕ್ಕ ಏನೂ ಇಲ್ಲರಿ. ಒಂದು ಕಣ್ಣು ಹೋತು. ಒಂದು ಉಳದದ."

ಅವನು ತಲೆಯಾಡಿಸಿದ. ಎತ್ತಿನ ಕಡೆ ತಿರುಗಿದ.

"ನಂದೂ ಒಂದ ಉಳದದ್ರಿ."

ಆ ಹಕ್ಕಿಯ ರಕ್ತದಿಂದಲೇ ಅದು ಸತ್ತಿತೆಂದು ನಾನು ಹೇಳಲಾರೆ. ಅದೇ ವಾರ ಆ ಊರಿನಲ್ಲಿ ಗಾಡಿಯ ಹತ್ತಿರಕ್ಕೂ ಬಾರದ ಬೇರೆ ದನಗಳು ಸತ್ತಿದ್ದವೆಂದು ಅವನೇ ಹೇಳಿದ. ಬಹಳ ವರ್ಷದ ಮೇಲೆ ಒಬ್ಬ ದನದ ಡಾಕ್ಟರರನ್ನು ಕೇಳಿದೆ. ಹಾಗೆ ಹಬ್ಬುವುದು ಅಪರೂಪ ಎಂದರು, ಆಗುವುದೇ ಇಲ್ಲ ಎನ್ನಲಿಲ್ಲ. ಸತ್ತದ್ದು ಎಡಗಡೆಯ ಎತ್ತು. ಇದಕ್ಕಿಂತ ಹೆಚ್ಚು ನನಗೆ ತಿಳಿಯದು.

ನಾನು ಅಳತೊಡಗಿದ್ದೆ. ಭೀಮಶಾನಿಗೆ ಮುಜುಗರವಾಯಿತು. ಅವನು ಮಾವನ ಕಡೆ ತಿರುಗಿದ.

"ಸಾವಕಾರ್ರ, ನಿಮ್ಮ ಆಳಂದ ಸಂತ್ಯಾಗ ನೊಗದ ಎಡಕ್ಕ ನಡಿಯೋ ಎತ್ತು ಕಂಡ್ರ ಹೇಳಿ ಕಳಸ್ರಿ. ಇದು ಬಲಕ್ಕ ಬಿಟ್ಟು ನಿಲ್ಲೂದಿಲ್ಲ. ಸಿಟ್ಟಿನ ಎತ್ತು ಬ್ಯಾಡ, ಇದು ಮೆತ್ತಗದ."

ಮಾವ ಎತ್ತಿನ ಕಡೆ ನೋಡಿ, "ಎಷ್ಟು ಎತ್ತರ ಬೇಕೋ?" ಎಂದ.

"ಬರ್ರಿ, ಮುಟ್ಟಿ ನೋಡ್ರಿ."

ಮಾವ ಚಪ್ಪಲಿ ಬಿಟ್ಟು ಹೊಲದೊಳಗೆ ಇಳಿದ. ಎತ್ತಿನ ಎಡಗಡೆಗೆ, ಸತ್ತ ಎತ್ತು ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತು, ಅದರ ಹಿಣಿಲು ತನ್ನ ಮೈಯಲ್ಲಿ ಎಲ್ಲಿಗೆ ಬರುತ್ತದೆಂದು ಅಂಗೈ ಅಡ್ಡ ಹಿಡಿದು ನೋಡಿಕೊಂಡ. ಎತ್ತು ಕತ್ತು ತಿರುಗಿಸಿ ಅವನನ್ನು ಮೂಸಿತು, ಆಮೇಲೆ ಸ್ವಲ್ಪ ಬಲಕ್ಕೆ ಸರಿದು ಅವನಿಗೆ ಜಾಗ ಬಿಟ್ಟಿತು.